ಮುರಿದ ಬಂಡೆಗೆ ಅಂಟು ಹಾಕೋದು ಬೇಡ

ಮಾನ್ಯ ಸಂಪಾದಕರೇ,

ರಾಮನಗರದಲ್ಲಿ ನಾವು ಬಂಡೆ ಹತ್ತೋ ಒಂದು ಹಳೇ ರೂಟ್‌ನಲ್ಲಿ ಕಲ್ಲಿನ ಚಕ್ಕೆ ಕಿತ್ಕೊಂಡು ಬಂದಿದೆ, ಅದನ್ನ ಎಪಾಕ್ಸಿ ಅನ್ನೋ ಗಟ್ಟಿ ಅಂಟು ಹಾಕಿ ಮತ್ತೆ ಕೂಡಿಸೋಣ ಅಂತ ಕ್ಲೈಂಬಿಂಗ್ ಮಾಡೋ ನಮ್ಮ ಹುಡುಗರಲ್ಲೇ ಕೆಲವರು ಹೇಳ್ತಿದಾರೆ. ಅವರ ಉದ್ದೇಶ ಕೆಟ್ಟದಲ್ಲ, ಒಳ್ಳೇ ರೂಟ್ ಹಾಳಾಯ್ತಲ್ಲ ಅನ್ನೋ ಸಂಕಟ. ಆದ್ರೂ ಇದು ಬೇಡ ಅಂತ ಎಲ್ಲರ ಮುಂದೆ ಹೇಳ್ಬೇಕು ಅನ್ನಿಸ್ತು, ಒಂದ್ಸಲ ಶುರುವಾದ್ರೆ ಬಾದಾಮಿ, ಹಂಪಿ, ಸಾವನದುರ್ಗ ಎಲ್ಲಾ ಕಡೆ ಇದೇ ಆಗತ್ತೆ.

ಇದು ಟ್ರ್ಯಾಡ್ ರೂಟು. ಅಂದ್ರೆ ಬಂಡೆಗೆ ಡ್ರಿಲ್ ಹೊಡೆದು ಬೋಲ್ಟ್ ಹಾಕಿರಲ್ಲ, ಮುಂದೆ ಹತ್ತೋರು ಬಿರುಕುಗಳಲ್ಲಿ ನಟ್ಟು (ಲೋಹದ ಚಿಕ್ಕ ಬೆಣೆ), ಕ್ಯಾಮು (ಬಿರುಕಲ್ಲಿ ಅಗಲವಾಗಿ ಕಚ್ಕೊಳ್ಳೋ ಸಾಧನ) ಸಿಕ್ಕಿಸಿ ಹಗ್ಗ ಹಾಕ್ಕೊಂಡು ಹೋಗ್ತಾರೆ, ಹಿಂದೆ ಬರೋರು ಎಲ್ಲಾ ಬಿಚ್ಕೊಂಡು ಬರ್ತಾರೆ. ಕಲ್ಲು ಹೆಂಗಿದೆ ಅಂತ ನೋಡಿ ತಿಳ್ಕೊಳ್ಳೋದ್ರ ಮೇಲೇ ಇಲ್ಲಿ ಪ್ರಾಣ ನಿಂತಿರೋದು. ಚಕ್ಕೆನ ಅಂಗೈಲಿ ಗುದ್ದಿ ನೋಡ್ತೀವಿ, ಒಳಗೆ ಬಿಟ್ಕೊಂಡಿದ್ರೆ ಖಾಲಿ ಡಬ್ಬ ಬಡಿದಂಗೆ ಸದ್ದು ಬರತ್ತೆ, ಆಗ ಅದನ್ನ ನಂಬಲ್ಲ. ಅಂಟು ತುಂಬಿ ಮೇಲೆ ಕಲ್ಲುಪುಡಿ ಸವರಿದ್ರೆ ಸದ್ದೂ ಹೋಯ್ತು, ಗುರುತೂ ಹೋಯ್ತು. ಕ್ಯಾಮ್ ಕೆಲಸ ಮಾಡೋದೇ ಬಿರುಕಿನ ಎರಡೂ ಗೋಡೆನ ಆಚೆಗೆ ತಳ್ಳಿ, ಬಿದ್ದಾಗ ಆ ತಳ್ಳೋ ಬಲ ಹಗ್ಗದ ಎಳೆತಕ್ಕಿಂತ ಜಾಸ್ತಿ ಇರತ್ತೆ. ವರ್ಷಗಟ್ಟಲೆ ಬಿಸಿಲು ತಿಂದ ಎಪಾಕ್ಸಿಲಿ ಅಂಟಿರೋ ಚಕ್ಕೆ ಹಿಂದೆ ಯಾರೋ ಗೊತ್ತಿಲ್ದೆ ಕ್ಯಾಮ್ ಹಾಕಿ ಬಿದ್ರೆ ಚಕ್ಕೆ ಬರೋದು ಕೆಳಗೆ ಹಗ್ಗ ಹಿಡ್ಕೊಂಡಿರೋರ ತಲೆ ಮೇಲೆ.

ಈ ಚಕ್ಕೆನ ಯಾರೂ ಒಡೆದಿದ್ದಲ್ಲ. ಇಲ್ಲಿರೋ ಕ್ಲೋಸ್‌ಪೇಟೆ ಗ್ರಾನೈಟಿಗೆ ಹತ್ತತ್ರ 250 ಕೋಟಿ ವರ್ಷ, ಪದರ ಪದರವಾಗಿ ಕಳಚ್ಕೊಳ್ಳೋದು ಅದರ ಗುಣ, ಬೆಟ್ಟಗಳು ಅಷ್ಟು ಗುಂಡಗಿರೋದೂ ಅದಕ್ಕೇ. ಸುತ್ತ ಎಲ್ಲಾ ಕಪ್ಪಾಗಿ ಕಲ್ಲುಹೂವು ಹಿಡ್ದಿದೆ, ಚಕ್ಕೆ ಹೋದ ಜಾಗ ಮಾತ್ರ ತಿಳಿ ಗುಲಾಬಿ. ಕೈ ಹಿಡಿಯೋ ಹೋಲ್ಡ್ ಹೋಯ್ತು, ರೂಟ್ ಕಷ್ಟ ಆಯ್ತು, ಎಷ್ಟು ಕಷ್ಟ ಅಂತ ಹೇಳೋ ಗ್ರೇಡ್ ಬದಲಾಯಿಸ್ಕೊಳ್ಳೋಣ.

ಮನುಷ್ಯರೇ ಮಾಡಿದ ಗಾಯ ಬೇರೆ ಮಾತು, ಅದೂ ಸಲೀಸಲ್ಲ. ಅಮೆರಿಕದ ಯೊಸೆಮಿಟಿಲಿ ಪಿಟಾನ್ ಅನ್ನೋ ಉಕ್ಕಿನ ಮೊಳೆಗಳನ್ನ ಒಬ್ಬ ಬಡಿದು ಕೀಳೋದು, ಇನ್ನೊಬ್ಬ ಬಂದು ಅಲ್ಲೇ ಬಡಿಯೋದು, ಹಿಂಗೇ ಮಾಡಿ ಬಿರುಕುಗಳು ಬಾಯ್ಬಿಟ್ಟವು. ಕೊನೆಗೆ 1972ರಲ್ಲಿ ಪಿಟಾನ್ ಮಾರ್ತಿದ್ದ ಇವಾನ್ ಶ್ವಿನಾರ್ಡ್ ಅವರೇ ತಮ್ಮ ಕ್ಯಾಟಲಾಗ್‌ನಲ್ಲಿ ಇದನ್ನ ಬಿಡಿ, ನಟ್ ಬಳಸಿ ಅಂತ ಹಾಕಿದ್ರು. ಆದ್ರೆ ಆ ಮೊಳೆ ತೂತುಗಳಿಗೇ ಬೆರಳಿಟ್ಟು ಇವತ್ತು ಅಲ್ಲಿ ಸೆರೆನಿಟಿ ಕ್ರ್ಯಾಕ್ ಅನ್ನೋ ರೂಟ್ ಹತ್ತೋದು. ಇಂಗ್ಲೆಂಡಿನ ಮಿಲ್‌ಸ್ಟೋನ್‌ನಲ್ಲಿರೋ ಲಂಡನ್ ವಾಲ್ ಅನ್ನೋ ರೂಟ್ ಕೂಡ ಹಾಗೇ, 1975ರಲ್ಲಿ ಜಾನ್ ಆಲನ್ ಅದನ್ನ ಬರೀ ಕೈಕಾಲಲ್ಲಿ ಹತ್ತಿದ್ರು. ಆ ತೂತಿಗೆಲ್ಲ ಈಗ ಸಿಮೆಂಟ್ ತುಂಬಿದ್ರೆ ರಿಪೇರಿ ಅಂತೀವಾ?

ನಾನು ಒಪ್ಪೋದು ಮೆತ್ತನೆ ಮರಳುಗಲ್ಲಿನ ವಿಷಯದಲ್ಲಿ ಮಾತ್ರ. ದಕ್ಷಿಣ ಇಂಗ್ಲೆಂಡಿನ ಹ್ಯಾರಿಸನ್ಸ್ ರಾಕ್ಸ್‌ನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಂಡೆ ಅಂಚಲ್ಲಿ ಕೊರಕಲು ಬಿದ್ದಿದೆ, ಮೇಲಿನ ಗಟ್ಟಿ ಪದರ ಹೋದ್ರೆ ಒಳಗಿನದು ಬೇಗ ಉದುರತ್ತೆ. ಅಂಥ ಕಡೆ ಇನ್ನೂ ಸವೀದೆ ಇರ್ಲಿ ಅಂತ ಗಟ್ಟಿ ಮಾಡ್ಲಿ, ಹೋಲ್ಡ್ ಮಾಡ್ಕೊಳ್ಳಕ್ಕಲ್ಲ. ಜರ್ಮನಿಯ ಎಲ್ಬೆ ಕಣಿವೇಲಂತೂ ಬಿರುಕಿಗೆ ಲೋಹದ ಸಾಮಾನೇ ಹಾಕಂಗಿಲ್ಲ, ಗಂಟು ಹಾಕಿದ ಹಗ್ಗ ಸಿಕ್ಕಿಸ್ತಾರೆ, ಕಲ್ಲು ಒದ್ದೆ ಇದ್ರೆ ಹತ್ತಂಗಿಲ್ಲ. ಬಾದಾಮಿನೂ ಮರಳುಗಲ್ಲೇ, ಮಳೆ ನಿಂತ ಮಾರನೇ ದಿನವೇ ಅಲ್ಲಿ ಹತ್ತೋಕೆ ಹೊರಡೋರು ಇದನ್ನ ಯೋಚ್ನೆ ಮಾಡ್ಬೇಕು.

ಕ್ವಾರಿಗಳು ಬೆಟ್ಟನೇ ನುಂಗ್ತಿರೋವಾಗ ಒಂದು ಚಕ್ಕೆಗೆ ಇಷ್ಟು ರಗಳೆನಾ ಅಂತ ಕೇಳ್ಬಹುದು. ಬೆಟ್ಟ ಇದ್ದಂಗೇ ಇರ್ಲಿ ಅಂತ ಬೇರೆಯವರಿಗೆ ಹೇಳೋ ನಾವೇ ನಮಗೆ ಬೇಕಾದಂಗೆ ಕಲ್ಲು ತಿದ್ದಿದ್ರೆ ನಮ್ಮ ಮಾತು ಯಾರು ಕೇಳ್ತಾರೆ?

ಆ ರೂಟ್ ಹಾಗೇ ಇರ್ಲಿ ಬಿಡಿ. ಅದರ ಪಕ್ಕ ಇನ್ನೊಂದು ಚಕ್ಕೆ ಸಡಿಲ ಇದೆ, ಕೆಳಗೆ ಕುರಿ ಮೇಯಿಸೋರು ಓಡಾಡೋ ದಾರಿ. ಊರವರಿಗೆ ಮೊದ್ಲೇ ಹೇಳಿ, ದಾರಿಯ ಎರಡೂ ಕಡೆ ಜನ ನಿಲ್ಲಿಸಿ ಅದನ್ನ ಇಳಿಸೋ ಕೆಲ್ಸ ಆಗ್ಬೇಕು, ಅದಕ್ಕೆ ನಾನೂ ಬರ್ತೀನಿ.

ಇಂತಿ,
ಒಬ್ಬ ಓದುಗ, ಬೆಂಗಳೂರು