ಪಟ್ಟಿಯಲ್ಲಿ ಹೆಸರಿದೆಯಾ, ಈಗಲೇ ನೋಡಿ

ಮಾನ್ಯರೇ,

ಮತಗಟ್ಟೆಗೆ ಹೋಗಿ, ಪಟ್ಟಿಯಲ್ಲಿ ಹೆಸರಿಲ್ಲ ಎಂದು ಜಗಳ ಮಾಡುವವರು ಪ್ರತಿ ಚುನಾವಣೆಯಲ್ಲೂ ಇದ್ದೇ ಇರುತ್ತಾರೆ. ಅಷ್ಟೊತ್ತಿಗೆ ಕಾಲ ಮಿಂಚಿರುತ್ತದೆ. ಅದಕ್ಕೇ ನಮ್ಮ ಬಡಾವಣೆಯ ಕೆಲವರು ಭಾನುವಾರ ಮನೆಮನೆಗೆ ಹೋಗಿ ಅರ್ಜಿ ತುಂಬಿಕೊಡುತ್ತಿದ್ದೇವೆ.

ಬಾಡಿಗೆ ಮನೆಯವರದೇ ಜಾಸ್ತಿ ತೊಡಕು. ‘ಊರಲ್ಲಿ ವೋಟಿದೆ, ಇಲ್ಲಿ ಯಾಕೆ ಬಿಡಿ’ ಎನ್ನುತ್ತಾರೆ. ಹೆಸರು ಈಗಾಗಲೇ ಇದ್ದವರು ಮನೆ ಬದಲಿಸಿದರೆ ನಮೂನೆ 8 ತುಂಬಬೇಕು. ನಮೂನೆ 6 ಹೊಸಬರಿಗೆ ಮಾತ್ರ. ಎರಡೂ ಕಡೆ ಹೆಸರು ಇಟ್ಟುಕೊಳ್ಳಲು ಕಾನೂನು ಒಪ್ಪುವುದಿಲ್ಲ. ಮೊನ್ನೆ ಗಾರೆ ಕೆಲಸದವರೊಬ್ಬರು, ಕರೆಂಟ್ ಬಿಲ್ ಮಾಲೀಕರ ಹೆಸರಲ್ಲಿದೆ ಎಂದು ಅರ್ಜಿಯನ್ನೇ ವಾಪಸ್ ಕೊಟ್ಟರು. ಈಗಿನ ವಿಳಾಸ ಇರುವ ಬ್ಯಾಂಕ್ ಪಾಸ್‌ಬುಕ್ ಆದರೂ ನಡೆಯುತ್ತದೆ ಎಂದೆವು. ಒಳಗೆ ಹೋಗಿ ಟ್ರಂಕಿನ ಅಡಿಯಿಂದ ಹುಡುಕಿ ತಂದರು. ಸೂರೇ ಇಲ್ಲದವರೂ ಅರ್ಜಿ ಹಾಕಬಹುದು. ಅವರು ರಾತ್ರಿ ಮಲಗುವ ಜಾಗಕ್ಕೇ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಬಂದು ನೋಡಬೇಕೆಂಬ ನಿಯಮವಿದೆ. ಇದು ಎಷ್ಟು ಜನಕ್ಕೆ ಗೊತ್ತು?

17 ತುಂಬಿದ ಮಕ್ಕಳು ಮುಂಗಡವಾಗಿಯೇ ಅರ್ಜಿ ಕೊಡಬಹುದು. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1, ಹೀಗೆ ವರ್ಷಕ್ಕೆ ನಾಲ್ಕು ಅರ್ಹತಾ ದಿನಗಳಿವೆ; ಆ ದಿನಕ್ಕೆ 18 ತುಂಬಿದವರು ಪಟ್ಟಿಗೆ ಸೇರಬಹುದು. ಪಿಯು ಕಾಲೇಜುಗಳು ಒಂದು ಮಧ್ಯಾಹ್ನ ಬಿಡುವು ಮಾಡಿಕೊಟ್ಟರೆ ಸಾಕು, ಅಲ್ವಾ?

ನೆರವಾಗಲು ಬರುವವರು ಪಕ್ಷದ ಶಾಲನ್ನು ಮನೆಯಲ್ಲೇ ಬಿಟ್ಟು ಬನ್ನಿ. ಶಾಲು ಕಂಡರೆ ಜನ ಬಾಗಿಲೇ ತೆರೆಯುವುದಿಲ್ಲ. ಇನ್ನು ಅಧಿಕಾರಿಗಳು ಆಯಾ ಬಿಎಲ್‌ಓ ಫೋನ್ ನಂಬರನ್ನು ನ್ಯಾಯಬೆಲೆ ಅಂಗಡಿಯ ಗೋಡೆಗೆ ಅಂಟಿಸಲಿ. ಅಲ್ಲಿಯವರೆಗೆ ಮತದಾರರ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ವಿಚಾರಿಸಬಹುದು.

– ಓದುಗರೊಬ್ಬರು, ದಾವಣಗೆರೆ