ಐದು ಸೆಟ್ ಆಡಿದವಳು

ಗೆಳೆಯಾ,

ಮೊನ್ನೆ ಫೋನಿನಲ್ಲಿ ಅಂದೆಯಲ್ಲ, ‘ಟೆನಿಸ್‌ನಲ್ಲಿ ಹೆಂಗಸರು ಮೂರೇ ಸೆಟ್ ಆಡೋದು, ಐದು ಆಡೋಕೆ ದಮ್ಮು ಸಾಲಲ್ಲ’ ಅಂತ. ಆಗ ಉತ್ತರ ಹೊಳೆಯದೆ ಸುಮ್ನೆ ಹೂಂಗುಟ್ಟಿದೆ. ಈಗ ಸಿಕ್ಕಿದೆ, ತಗೋ.

ಮೇಬಲ್ ಕಾಹಿಲ್ ಹೆಸರು ಕೇಳಿದ್ದೀಯಾ? ನಾನೂ ಕೇಳಿರಲಿಲ್ಲ ಬಿಡು. ಐರ್ಲೆಂಡಿನ ಕಿಲ್ಕೆನ್ನಿ ಸೀಮೆಯವಳು, 1863ರಲ್ಲಿ ಹುಟ್ಟಿದವಳು. ಅನುಕೂಲಸ್ಥರ ಮನೆ. 1889ರ ಸುಮಾರಿಗೆ ಅಮೆರಿಕಕ್ಕೆ ಹೋದಳು. ಎರಡೇ ವರ್ಷದಲ್ಲಿ ಅಲ್ಲಿನ ಚಾಂಪಿಯನ್ ಎಲೆನ್ ರೂಸ್‌ವೆಲ್ಟ್‌ಳನ್ನು ಸೋಲಿಸಿಬಿಟ್ಟಳು. ನಾವು ನಿದ್ದೆಗೆಟ್ಟು ನೋಡುವ ಯುಎಸ್ ಓಪನ್ ಇದೆಯಲ್ಲ, ಗೆದ್ದದ್ದು ಅದನ್ನೇ, ಆಗ ಅದಕ್ಕೆ ಬೇರೆ ಹೆಸರಿತ್ತು ಅಷ್ಟೆ. ಆ ಪಟ್ಟ ಹೊರದೇಶದವರ ಕೈಗೆ ಹೋದದ್ದು ಅದೇ ಮೊದಲು.

ನನಗೆ ಜಾಸ್ತಿ ಹಿಡಿಸಿದ್ದು ಮಾರನೇ ವರ್ಷದ ಫೈನಲ್. 1892ರ ಜೂನ್, ಫಿಲಡೆಲ್ಫಿಯಾ ಕ್ರಿಕೆಟ್ ಕ್ಲಬ್ಬಿನ ಹುಲ್ಲಿನ ಅಂಗಳ. ಎದುರಿಗೆ ಎಲಿಜಬೆತ್ ಮೂರ್, ಹದಿನಾರರ ಹುಡುಗಿ. ಮೇಬಲ್‌ಗೆ ಇಪ್ಪತ್ತೊಂಬತ್ತು. ಆ ಕಾಲದ ಉಡುಪು ನೆನೆಸಿಕೋ: ಸೊಂಟಕ್ಕೆ ಬಿಗಿದ ಕಾರ್ಸೆಟ್, ಪಾದದ ಗಂಟು ಮುಟ್ಟುವ ಲಂಗ. ಅದರಲ್ಲೇ ಓಡಬೇಕು. ಐದು ಸೆಟ್ ಆಡಿ ಮೇಬಲ್ ಗೆದ್ದಳು. ಒಂದೊಂದು ಸೆಟ್ಟಿನಲ್ಲಿ ಅವಳು, ಮೂರ್ ಗೆದ್ದ ಗೇಮ್‌ಗಳು ಹೀಗೆ: 5-7, 6-3, 6-4, 4-6, 6-2. ಲೆಕ್ಕ ಹಾಕಿದೆ, 49 ಗೇಮ್! ಕೊನೆಯ ಸೆಟ್ಟಿನಲ್ಲಿ ಬಿಟ್ಟುಕೊಟ್ಟಿದ್ದು ಎರಡೇ. ಆ ಸಲ ಡಬಲ್ಸ್, ಮಿಕ್ಸೆಡ್ ಡಬಲ್ಸ್ ಎರಡನ್ನೂ ಅವಳೇ ಹೊಡೆದಳು.

ಮರುವರ್ಷ ಪಟ್ಟ ಉಳಿಸಿಕೊಳ್ಳಲು ಬರಲೇ ಇಲ್ಲ. ಅಷ್ಟರಲ್ಲಿ ಒಂದು ಕಾದಂಬರಿ ಬರೆದಿದ್ದಳು, ಹೆಂಗಸರ ಪತ್ರಿಕೆಗೆ ಟೆನಿಸ್ ಪಾಠವನ್ನೂ ಬರೆದಳು. ಯಾವುದೂ ಕೈಹಿಡಿದಂತಿಲ್ಲ. ಆಮೇಲೆ ಇಂಗ್ಲೆಂಡಿಗೆ ಬಂದಳು. 1905ರಲ್ಲಿ ಲ್ಯಾಂಕಶೈರಿನ ಆರ್ಮ್‌ಸ್ಕರ್ಕ್ ವರ್ಕ್‌ಹೌಸಿನಲ್ಲಿ ಕ್ಷಯದಿಂದ ಸತ್ತಳು. ವರ್ಕ್‌ಹೌಸ್ ಅಂದರೆ ದಿಕ್ಕಿಲ್ಲದ ಬಡವರನ್ನು ಸೇರಿಸುತ್ತಿದ್ದ ಜಾಗ. ಇದನ್ನು ಓದಿದ ಮೇಲೆ ಆ ಸ್ಕೋರನ್ನು ಇನ್ನೊಂದು ಸಲ ನೋಡಿದೆ ಕಣೋ. ಟೆನಿಸ್‌ನ ಹಾಲ್ ಆಫ್ ಫೇಮ್‌ಗೆ, ಅಂದರೆ ದೊಡ್ಡ ಆಟಗಾರರ ಗೌರವಪಟ್ಟಿಗೆ, ಅವಳ ಹೆಸರು ಸೇರಿದ್ದು 1976ರಲ್ಲಿ.

ಇನ್ನು ನಿನ್ನ ದಮ್ಮಿನ ವಿಷಯ. ಅದೇ ಮೂರ್ 1901ರಲ್ಲಿ ಎರಡು ದಿನ ಬೆನ್ನುಬೆನ್ನಿಗೆ ಐದೈದು ಸೆಟ್ ಆಡಿ ಗೆದ್ದಳು. ಅಮೆರಿಕದ ಟೆನಿಸ್ ಸಂಘದವರು ಗಾಬರಿಬಿದ್ದು ಮರುವರ್ಷದಿಂದ ಹೆಂಗಸರಿಗೆ ಮೂರೇ ಸೆಟ್ ಅಂದುಬಿಟ್ಟರು. ಆಟಗಾರ್ತಿಯರನ್ನು ಒಂದು ಮಾತು ಕೇಳಲಿಲ್ಲ. ಬೇಡ ಅಂತ ತಕರಾರು ತೆಗೆದವಳು ಯಾರು ಗೊತ್ತಾ? ಮೂರ್!

ಈಗ ಹೇಳು. ಭಾನುವಾರ ಫೋನ್ ಮಾಡ್ತೀನಿ, ತಪ್ಪಿಸಿಕೊಳ್ಳಬೇಡ.

ನಿನ್ನ ಗೆಳೆಯ