ಮಗಳಿಗೊಂದು ಪತ್ರ: ಫೋರ್ಟ್ ಯೂನಿಯನ್ನಿನ ಮಣ್ಣಿನ ಗೋಡೆಗಳು

ಪ್ರೀತಿಯ ಮಗಳೇ,

ಅಮೆರಿಕದ ನ್ಯೂ ಮೆಕ್ಸಿಕೋದ ಸಾಂಟಾ ಫೆಗೆ ಹೊರಟಿದ್ದೀಯಲ್ಲ, ಫೋರ್ಟ್ ಯೂನಿಯನ್ ನೋಡದೆ ಬರಬೇಡ. ವಾಟ್ರಸ್ ಎಂಬ ಊರಿನ ಹತ್ತಿರ, ಬಟ್ಟಬಯಲಿನಲ್ಲಿದೆ. ಒಂದೇ ಹೆಸರಿನಲ್ಲಿ ಮೂರು ಕೋಟೆಗಳನ್ನು ಕಟ್ಟಿದ ಜಾಗ ಅದು.

ಸರಕಿನ ಗಾಡಿಗಳು ಓಡಾಡುತ್ತಿದ್ದ ಸಾಂಟಾ ಫೆ ವ್ಯಾಪಾರ ಮಾರ್ಗದ ಕಾವಲಿಗೆಂದು 1851ರಲ್ಲಿ ಸೇನಾಧಿಕಾರಿ ಎಡ್ವಿನ್ ಸಮ್ನರ್ ಮೊದಲನೆಯದನ್ನು ಕಟ್ಟಿಸಿದ. ಸೈನ್ಯ ಹೋರಾಡಿದ್ದು ಅಪಾಚೆ, ಯೂಟ್ ಎಂಬ ಮೂಲನಿವಾಸಿ ಜನರ ಮೇಲೆ, ಅವರದೇ ನೆಲದಲ್ಲಿ. ಅದನ್ನು ಮರೆತು ಈ ಕೋಟೆಯನ್ನು ನೋಡಬಾರದು. ಸಿಪಾಯಿಗಳೇ ಮರಗೆಲಸ ಮಾಡಿದರು. ತೊಗಟೆ ಸುಲಿಯದ ಪೈನ್ ದಿಮ್ಮಿಗಳನ್ನು ತಳಪಾಯವಿಲ್ಲದೆ ನೆಲದ ಮೇಲೇ ಇಟ್ಟರು. ತೊಗಟೆಯಡಿ ತೇವ ನಿಂತು ಹುಳು ಹಿಡಿಯಿತು, ಬುಡ ಕೊಳೆಯಿತು.

1861ರಲ್ಲಿ, ಅಮೆರಿಕದ ಉತ್ತರ-ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ಹೊತ್ತಿಗೆ, ನಕ್ಷತ್ರಾಕಾರದ ಮಣ್ಣಿನ ದಿಬ್ಬದ ಕೋಟೆ ಎದ್ದಿತು. ಒಳಗಿನ ಕೋಣೆಗಳಲ್ಲಿ ಎಷ್ಟು ತೇವವೆಂದರೆ ಸಿಪಾಯಿಗಳು ಹೊರಗೆ ಡೇರೆಯಲ್ಲೇ ಮಲಗಿದರು. 1862ರ ಮಾರ್ಚ್‌ನಲ್ಲಿ ಗ್ಲೋರಿಯೆಟಾ ಕಣಿವೆಯಲ್ಲಿ ತನ್ನ ಸಾಮಾನಿನ ಗಾಡಿಗಳು ಸುಟ್ಟುಹೋಗಿ, ಕೋಟೆಯತ್ತ ಬರುತ್ತಿದ್ದ ದಕ್ಷಿಣದವರ ಟೆಕ್ಸಾಸ್ ಸೈನ್ಯ ಹಿಂದಿರುಗಿತು. ಕೋಟೆಗೆ ಯುದ್ಧವೇ ಬರಲಿಲ್ಲ.

ಈಗ ನಿಂತಿರುವುದು ಮೂರನೆಯದು. ಕಟ್ಟಲು ಶುರುವಾದದ್ದು 1863ರಲ್ಲಿ. ಕಟ್ಟಿಸಿದವರು ಹಿಂದಿನ ತಪ್ಪು ಮಾಡಲಿಲ್ಲ: ಕಲ್ಲಿನ ತಳಪಾಯ, ಅದರ ಮೇಲೆ ಹಸಿ ಇಟ್ಟಿಗೆಯ ಗೋಡೆ, ನೆತ್ತಿಗೆ ಸುಟ್ಟ ಇಟ್ಟಿಗೆಯ ಸಾಲು, ಮೈಗೆ ಸುಣ್ಣದ ಗಾರೆ, ಮೇಲೆ ತಗಡಿನ ಮಾಡು. ಅಮೆರಿಕದ ನೈಋತ್ಯ ಭಾಗದ ಕೋಟೆಗಳಿಗೆಲ್ಲ ಇಲ್ಲಿಂದಲೇ ಸರಕು ಹೋಗುತ್ತಿತ್ತು. 1879ರಲ್ಲಿ ರೈಲು ಬಂತು. ಗಾಡಿಗಳ ಕೆಲಸ ಮುಗಿಯಿತು. 1891ರಲ್ಲಿ ಸೈನ್ಯ ಖಾಲಿ ಮಾಡಿತು.

ಗೋಡೆ ಕರಗಲು ಶುರುವಾದದ್ದು ಆಮೇಲೆ. ಜನ ತೊಲೆ, ತಗಡು, ಕಿಟಕಿ, ಬಾಗಿಲು ಕಿತ್ತೊಯ್ದರು. ಮಾಡು ಹೋದರೆ ಹಸಿ ಇಟ್ಟಿಗೆಗೆ ಎರಡು ಕಡೆ ಪೆಟ್ಟು. ನೆತ್ತಿಯಿಂದ ಇಳಿದ ಮಳೆನೀರು ಗಾರೆಯ ಹಿಂದೆ ಸೇರಿ ಅದನ್ನು ಹಾಳೆಹಾಳೆಯಾಗಿ ಕಳಚುತ್ತದೆ. ಬುಡದಲ್ಲಿ ನಿಂತ ನೀರು ಮೇಲೇರಿ, ಆರುವಾಗ ಉಪ್ಪು ಹರಳುಗಟ್ಟಿ ಮಣ್ಣನ್ನು ಪುಡಿ ಮಾಡುತ್ತದೆ. ಬುಡ ಸವೆದ ಗೋಡೆ ತನ್ನ ಭಾರಕ್ಕೇ ವಾಲುತ್ತದೆ. ಸುಮಾರು 6,700 ಅಡಿ ಎತ್ತರದ ಜಾಗವಾದ್ದರಿಂದ ಚಳಿಗಾಲದಲ್ಲಿ ಒಳಗಿನ ತೇವ ಹೆಪ್ಪುಗಟ್ಟಿ ಹಿಗ್ಗಿ ಬಿರುಕು ಬಿಡಿಸುತ್ತದೆ.

1954ರಲ್ಲಿ ಇದು ರಾಷ್ಟ್ರೀಯ ಸ್ಮಾರಕವಾಯಿತು. ಇಂಥ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಮಣ್ಣು ಇನ್ನೂ ಬೇಗ ಕುಸಿಯುತ್ತದೆ. ಅದಕ್ಕೇ ಮಣ್ಣನ್ನೇ ಮೆತ್ತುತ್ತಾರೆ. ಮಳೆಗೆ ಹೊರ ಪದರ ತೊಳೆದುಹೋದರೂ ಹಳೆಯ ಇಟ್ಟಿಗೆ ಉಳಿಯಬೇಕು, ಹೋದಷ್ಟನ್ನು ಮತ್ತೆ ಮೆತ್ತಬೇಕು. ಹೋದಾಗ ಗೋಡೆಗೆ ಒರಗಬೇಡ, ಮುಟ್ಟಲೂ ಬೇಡ. ಗಾಡಿಗಳ ಚಕ್ರ ಕೊರೆದ ಜಾಡುಗಳನ್ನು ಬೆಳಗಿನ ಓರೆ ಬಿಸಿಲಿನಲ್ಲಿ ಹುಡುಕು, ನಡುಮಧ್ಯಾಹ್ನ ಸರಿಯಾಗಿ ಕಾಣುವುದಿಲ್ಲ.

ಇಂತಿ,
ನಿನ್ನ ಅಪ್ಪ